ಮುಂಬಯಿಯಿಂದ ಗೋವೆಯವರೆಗೆ ಎರಡು ಕ್ಯಾಮೆರಾ ಚೀಲಗಳು: ಒಂದು ವರ್ಷದ ಹೋಲಿಕೆ

ಮಾಟುಂಗದ ನಮ್ಮ ಮನೆಯಿಂದ ರೈಲು ನಿಲ್ದಾಣಕ್ಕೆ ಏಳು ನಿಮಿಷದ ನಡಿಗೆ. ಅಷ್ಟು ಹೊತ್ತು ಹೆಗಲ ಮೇಲೆ ಮೂರೂಕಾಲು ಕಿಲೋ ಭಾರವಿದ್ದರೆ ಹೇಗಿರುತ್ತದೆ, ಎರಡು ಕಿಲೋ ಇದ್ದರೆ ಹೇಗಿರುತ್ತದೆ ಎಂಬ ವ್ಯತ್ಯಾಸ ಕಳೆದ ಒಂದು ವರ್ಷದಲ್ಲಿ ನನಗೆ ಚೆನ್ನಾಗಿ ಮನದಟ್ಟಾಗಿದೆ. ಡೊಂಬಿವಲಿಯಲ್ಲಿ ನೆಲೆಸಿರುವ ಧಾರವಾಡದ ನನ್ನ ಗೆಳೆಯನೊಬ್ಬ ಮತ್ತು ನಾನು, ಇಬ್ಬರೂ ಪ್ರವಾಸ ಹೋದಲ್ಲೆಲ್ಲ ಹಕ್ಕಿ, ನಗರ, ಕಡಲು ಮೂರನ್ನೂ ತೆಗೆಯುವವರು. ಅವನ ಸಲಕರಣೆ ಒಂದು ಬಗೆಯದು, ನನ್ನದು ಇನ್ನೊಂದು ಬಗೆಯದು. ಯಾವುದು ಮೇಲು ಎಂದು ಮಾತಿನಲ್ಲೇ ವಾದ ಮಾಡುವುದನ್ನು ಬಿಟ್ಟು, ತಿಂಗಳಿಗೊಮ್ಮೆ ಚೀಲ ಅದಲುಬದಲು ಮಾಡಿಕೊಂಡು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಚಿತ್ರ ತೆಗೆಯೋಣವೆಂದು ನಿಶ್ಚಯಿಸಿದೆವು.

ನನ್ನ ಚೀಲದಲ್ಲಿರುವುದು ನಿಕಾನ್ ಝಡ್6 ಕ್ಯಾಮೆರಾದ ಎರಡನೆಯ ಆವೃತ್ತಿ, 180-600 ಮಿ.ಮೀ. ಲೆನ್ಸ್ ಮತ್ತು ನಗರ, ನಿಸರ್ಗದೃಶ್ಯಗಳಿಗಾಗಿ 24-120 ಎಫ್/4 ಲೆನ್ಸ್ (ಎಫ್ ಮುಂದಿನ ಅಂಕಿ ಸಣ್ಣದಾದಷ್ಟೂ ಲೆನ್ಸ್ ಒಳಬಿಡುವ ಬೆಳಕು ಹೆಚ್ಚು). ಗೆಳೆಯನ ಚೀಲದಲ್ಲಿರುವುದು ಓಎಂ-1 ಕ್ಯಾಮೆರಾ, 100-400 ಮಿ.ಮೀ. ಲೆನ್ಸ್ ಮತ್ತು 12-40 ಎಫ್/2.8. ಟ್ರೈಪಾಡ್ ಕಾಲರ್ ಕಳಚಿ, ಬ್ಯಾಟರಿ ಮತ್ತು ಕಾರ್ಡ್ ಸೇರಿಸಿ ಲೆಕ್ಕ ಹಾಕಿದರೆ ನನ್ನದು ಸುಮಾರು 3290 ಗ್ರಾಂ, ಅವನದು ಸುಮಾರು 2100 ಗ್ರಾಂ. ನನ್ನ ಉದ್ದದ ಲೆನ್ಸ್ ಒಂದಡಿಗಿಂತ ಸ್ವಲ್ಪ ಹೆಚ್ಚು. ಅವನದು ಮಡಚಿದಾಗ ಒಂದು ಗೇಣಿನೊಳಗೆ ಮುಗಿಯುತ್ತದೆ. ಬೆಳಗಿನ ಲೋಕಲ್ ರೈಲಿನಲ್ಲಿ ಚೀಲವನ್ನು ಎದೆಗೆ ಅವಚಿಕೊಂಡು ನಿಂತವರಿಗೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡರ ನಡುವಿನ ಮೂಲ ವ್ಯತ್ಯಾಸ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್‌ನ ಅಳತೆಯದು. ನನ್ನದು 36×24 ಮಿ.ಮೀ. ಇರುವ ಫುಲ್‌ಫ್ರೇಮ್, ಅವನದು 17.3×13 ಮಿ.ಮೀ. ಇರುವ ಮೈಕ್ರೋ ಫೋರ್ ಥರ್ಡ್ಸ್. ವಿಸ್ತೀರ್ಣದಲ್ಲಿ ನನ್ನದು ಅವನದರ ನಾಲ್ಕು ಪಟ್ಟಿಗೆ ಹತ್ತಿರವಾದ್ದರಿಂದ, ಅರೆಬೆಳಕಿನಲ್ಲಿ ದೊಡ್ಡ ಸೆನ್ಸರ್‌ಗೆ ಎರಡು ಸ್ಟಾಪ್‌ಗಳ ಅನುಕೂಲ (ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು) ಇದ್ದೇ ಇರುತ್ತದೆ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆ ಪೂರ್ತಿ ನಿಜವಲ್ಲ. ಅವನ 400 ಮಿ.ಮೀ. ಲೆನ್ಸ್ ಆ ಸಣ್ಣ ಸೆನ್ಸರ್‌ನ ಮೇಲೆ 800 ಮಿ.ಮೀ. ಲೆನ್ಸ್‌ನಷ್ಟೇ ದೃಶ್ಯವನ್ನು ಹಿಡಿಯುತ್ತದೆ. ನನ್ನದು 600ಕ್ಕೇ ನಿಲ್ಲುತ್ತದೆ. ದೂರದ ಹಕ್ಕಿಯನ್ನು ಅವನ ಚೌಕಟ್ಟಿನಷ್ಟು ದೊಡ್ಡದಾಗಿ ಕಾಣಿಸಬೇಕಾದರೆ ನನ್ನ ಚಿತ್ರದ ಅಂಚುಗಳನ್ನು ಕತ್ತರಿಸಬೇಕು, ಆಗ 24.5 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು 14ಕ್ಕಿಂತ ಸ್ವಲ್ಪ ಕಡಿಮೆ. ಅವನ 20 ಹಾಗೆಯೇ ಇರುತ್ತದೆ. ಎರಡೂ ಲೆನ್ಸ್‌ಗಳು ತುದಿಯಲ್ಲಿ ಎಫ್/6.3 ಆಗಿರುವುದರಿಂದ, ಬೆಳಕು ಒಳಬರುವ ಕಿಂಡಿ ನನ್ನದರಲ್ಲಿ ಸುಮಾರು 95 ಮಿ.ಮೀ., ಅವನದರಲ್ಲಿ ಸುಮಾರು 63 ಮಿ.ಮೀ. ಅಗಲ. ಆ ಎರಡು ವೃತ್ತಗಳ ವಿಸ್ತೀರ್ಣವನ್ನು ಹೋಲಿಸಿದರೆ ವ್ಯತ್ಯಾಸ ಎರಡೂಕಾಲು ಪಟ್ಟು, ಅಂದರೆ ಒಂದು ಸ್ಟಾಪ್‌ಗಿಂತ ತುಸು ಹೆಚ್ಚು. ಹಕ್ಕಿ ದೂರವಿದ್ದಾಗ ಒಂದೂವರೆ ಲೀಟರ್ ನೀರಿನ ಬಾಟಲಿಯಷ್ಟು ಉದ್ದದ ಲೆನ್ಸ್ ಹೊತ್ತು ನಾನು ಗಳಿಸುವುದು ಆ ಒಂದು ಸ್ಟಾಪ್ ಮಾತ್ರ.

ಅದೂ ಕೈಗೆ ಸಿಗುತ್ತದೆಯೇ ಎಂಬುದು ಫೆಬ್ರವರಿಯಲ್ಲಿ ಠಾಣೆ ಕೊಲ್ಲಿಯಲ್ಲಿ ಪರೀಕ್ಷೆಗೆ ಬಂತು. 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವಾಗಿ ಘೋಷಿತವಾಗಿ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಈ ಕೊಲ್ಲಿಗೆ ಐರೋಲಿಯ ಜೀವವೈವಿಧ್ಯ ಕೇಂದ್ರದಿಂದ ದೋಣಿ ಹೊರಡುತ್ತದೆ. ಹೊರಡುವ ಹೊತ್ತನ್ನು ನಿರ್ಧರಿಸುವುದು ಸಮುದ್ರದ ಉಬ್ಬರ. ನಾವು ಮಾಟುಂಗದಲ್ಲಿ ಇಡ್ಲಿ ತಿಂದು, ಠಾಣೆಯಲ್ಲಿ ರೈಲು ಬದಲಿಸಿ ಐರೋಲಿ ತಲುಪಿದೆವು. ಬೆಳಗಿನಲ್ಲಿ ಈ ದಡದಿಂದ ಹೊರಟರೆ ಸೂರ್ಯ ಬೆನ್ನಿಗಿರುತ್ತಾನೆ. ಎದುರಿಗೆ ಭಾಂಡುಪ್ ಕಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಸಿರು ಗೆರೆ, ಅದರ ಮುಂದೆ ಕೆಸರಿನ ಮೇಲೆ ಸಾಲುಸಾಲಾಗಿ ನಿಂತ ಫ್ಲೆಮಿಂಗೋಗಳು. ದೊಡ್ಡ ಜಾತಿಯವು ಬಿಳಿಚಾಗಿದ್ದು ಅವುಗಳ ಕೊಕ್ಕು ಗುಲಾಬಿ, ತುದಿ ಮಾತ್ರ ಕಪ್ಪು. ಸಣ್ಣ ಜಾತಿಯವುಗಳ ಕೊಕ್ಕು ಇಡಿಯಾಗಿ ಗಾಢ ಕೆಂಪು. ಈ ಎರಡನ್ನೂ ಚಿತ್ರದಲ್ಲಿ ಬೇರ್ಪಡಿಸಿ ತೋರಿಸುವುದೇ ನಮ್ಮ ಗುರಿಯಾಗಿತ್ತು.

ಎಂಟು ಗಂಟೆಯ ತಂಪಿನಲ್ಲಿ ನನ್ನ ನಿಕಾನ್ ಚಿತ್ರಗಳು ಸ್ಪಷ್ಟವಾಗಿ ಮೇಲಾಗಿದ್ದವು. ಕತ್ತು ಬಾಗಿಸಿ ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿ ಅದ್ದಿ ಪಾಚಿ ಸೋಸುತ್ತಿದ್ದ ಒಂದು ಸಣ್ಣ ಫ್ಲೆಮಿಂಗೋದ ರೆಕ್ಕೆಯ ಮೇಲೆ ಕಡುಗೆಂಪು ಗರಿಗಳು ಒಂದೊಂದಾಗಿ ಎಣಿಸುವಂತೆ ಮೂಡಿದ್ದವು; ಗೆಳೆಯನ ಚಿತ್ರದಲ್ಲಿ ಅದೇ ಗರಿಗಳ ಅಂಚು ಸ್ವಲ್ಪ ಮೃದುವಾಗಿತ್ತು. ಹತ್ತೂವರೆ ದಾಟಿದ ಮೇಲೆ ಆ ವ್ಯತ್ಯಾಸ ಕರಗಿಹೋಯಿತು. ಬಿಸಿಲಿಗೆ ಕಾದ ಕೆಸರಿನಿಂದ ಮೇಲೇಳುವ ಗಾಳಿ ಬೆಳಕನ್ನು ಅತ್ತಿತ್ತ ಬಾಗಿಸುತ್ತದೆ. ಇನ್ನೂರು ಮೀಟರ್ ದೂರದ ಹಕ್ಕಿಯ ಕಾಲುಗಳು ನೀರಿನಲ್ಲಿ ಅಲುಗುವ ದಂಟಿನಂತೆ ಕಾಣತೊಡಗುತ್ತವೆ. ಆ ಹೊತ್ತಿನ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದಾಗ ಯಾವುದು ಯಾರದೆಂದು ನಮಗೇ ತಿಳಿಯಲಿಲ್ಲ. ಹವೆ ಕದಡಿದ ಮೇಲೆ ಲೆನ್ಸ್ ಎಷ್ಟು ದೊಡ್ಡದಾದರೇನು, ಅದು ಆ ಕದಡಿದ ಹವೆಯನ್ನೇ ಇನ್ನಷ್ಟು ಹಿಗ್ಗಿಸಿ ತೋರಿಸುತ್ತದೆ.

ದೋಣಿಯ ಮೇಲೆ ಇನ್ನೊಂದು ಸಂಗತಿ ಓಎಂ-1ರ ಪರವಾಗಿ ನಿಂತಿತು. ಎಂಜಿನ್ನಿನ ನಡುಕ ಟ್ರೈಪಾಡಿನ ಕಾಲುಗಳ ಮೂಲಕ ನೇರವಾಗಿ ಕ್ಯಾಮೆರಾಕ್ಕೆ ಏರುವುದರಿಂದ ಎಲ್ಲವನ್ನೂ ಕೈಯಲ್ಲೇ ಹಿಡಿದು ತೆಗೆಯಬೇಕು. ಹಿಂಡು ನೀರಿನ ಮೇಲೆ ಓಡುತ್ತ ಗಾಳಿಗೇರುವಾಗ, ಓಎಂ-1 ಹಕ್ಕಿಯನ್ನು ಹಕ್ಕಿಯೆಂದೇ ಗುರುತಿಸಿ ಕಣ್ಣಿನ ಮೇಲೆ ಫೋಕಸ್ ಹಿಡಿಯುತ್ತದೆ. ನನ್ನ ಝಡ್6ರ ಈ ಆವೃತ್ತಿಗೆ ಗುರುತಿಸಲು ಕಲಿಸಿರುವುದು ನಾಯಿ, ಬೆಕ್ಕುಗಳನ್ನು. ಹಕ್ಕಿಯ ಮೇಲೆ ಫೋಕಸ್ ಚೌಕವನ್ನು ನಾನೇ ಓಡಿಸಬೇಕು. ಎರಡು ಕಿಲೋ ಲೆನ್ಸನ್ನು ತೂಗಾಡುವ ದೋಣಿಯಲ್ಲಿ ಎತ್ತಿ ಹಿಡಿದು ಆ ಕೆಲಸ ಮಾಡುವುದು ಇಪ್ಪತ್ತು ನಿಮಿಷದ ನಂತರ ತೋಳಿಗೆ ದಣಿವು ತರುತ್ತದೆ, ದಣಿದ ತೋಳು ಹಿಂಡಿನ ಹಿಂದೆ ಬೀಳುತ್ತದೆ. ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ: ಹಾರುವ ಚಿತ್ರ ಬೇಕೆಂದು ದೋಣಿಯನ್ನು ಹಿಂಡಿನ ಕಡೆಗೆ ನುಗ್ಗಿಸಲು ಅಂಬಿಗರನ್ನು ಒತ್ತಾಯಿಸುವವರನ್ನು ಕಂಡರೆ ನನಗೆ ನೋವಾಗುತ್ತದೆ. ಮೇಯುವ ಹಕ್ಕಿಯನ್ನು ಬೆದರಿಸಿ ಎಬ್ಬಿಸಿದ ಚಿತ್ರ ಎಷ್ಟು ಚೂಪಾಗಿದ್ದರೂ ಅದನ್ನು ನಾನು ಗೋಡೆಗೆ ಹಾಕಲಾರೆ.

ನನ್ನ ಚೀಲ ತನ್ನ ಭಾರವನ್ನು ಪೂರ್ತಿ ಸಮರ್ಥಿಸಿಕೊಂಡದ್ದು ಗೋವೆಯ ಮೊಲೆಮ್‌ನಲ್ಲಿ. ಡಿಸೆಂಬರ್‌ನಲ್ಲಿ ಭಗವಾನ್ ಮಹಾವೀರ ಅಭಯಾರಣ್ಯದ ಅಂಚಿನಲ್ಲಿ ಬೆಳಗಿನ ಏಳೂವರೆಗೂ ಮರದಡಿ ಬೆಳಕು ಇಳಿದಿರುವುದಿಲ್ಲ. ನಮ್ಮ ಮುಂದೆ ಹನ್ನೆರಡು ಮೀಟರ್ ದೂರದ ಬಳ್ಳಿಯ ಮೇಲೆ ಒಂದು ಗಂಡು ಮಲಬಾರ್ ಟ್ರೋಗನ್ ಕುಳಿತಿತ್ತು: ಕಪ್ಪು ತಲೆ, ಎದೆಗೆ ಅಡ್ಡಲಾಗಿ ಬಿಳಿಯ ಪಟ್ಟಿ, ಅದರ ಕೆಳಗೆ ಕೆಂಡದಂಥ ಹೊಟ್ಟೆ. ಈ ಹಕ್ಕಿ ಬಹಳ ಹೊತ್ತು ಅಲುಗಾಡದೆ ಕೂರುವುದರಿಂದ ಸಾವಕಾಶವಾಗಿ ಹೋಲಿಸಲು ಅವಕಾಶ ಸಿಕ್ಕಿತು. ಹಕ್ಕಿ ಹತ್ತಿರವಿದ್ದುದರಿಂದ ನಾನು ಅಂಚು ಕತ್ತರಿಸಬೇಕಾಗಿರಲಿಲ್ಲ. ಹಾಗಾಗಿ ದೊಡ್ಡ ಸೆನ್ಸರ್‌ನ ಎರಡು ಸ್ಟಾಪ್‌ಗಳೂ ಪೂರ್ತಿಯಾಗಿ ನನ್ನ ಪಾಲಿಗೆ ಬಂದವು. 1/125 ಸೆಕೆಂಡ್, ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಸೂಚಿಸುವ ಐಎಸ್‌ಓ 6400. ನಿಕಾನ್ ಚಿತ್ರದಲ್ಲಿ ಕೆಂಪಿನೊಳಗಿನ ಗರಿಗಳ ನೇಯ್ಗೆ ಉಳಿದಿತ್ತು, ಕಪ್ಪು ತಲೆಯಲ್ಲಿ ಕಣ್ಣಿನ ಸುತ್ತಲಿನ ನೀಲಿ ಉಂಗುರ ಬೇರೆಯಾಗಿ ಕಾಣುತ್ತಿತ್ತು. ಓಎಂ-1ರ ಚಿತ್ರದಲ್ಲಿ ಕೆಂಪು ಒಂದೇ ಬಣ್ಣದ ಬಟ್ಟೆಯಂತೆ ಕೂಡಿಕೊಂಡು, ನೆರಳಿನಲ್ಲಿ ಕಾಳುಕಾಳಾದ ನಾಯ್ಸ್ ತುಂಬಿತ್ತು. ನಾಯ್ಸ್ ತೆಗೆಯುವ ತಂತ್ರಾಂಶ ಆ ಕಾಳುಗಳನ್ನು ನುಣುಪಾಗಿಸಿತು, ಆದರೆ ಇಲ್ಲದ ನೇಯ್ಗೆಯನ್ನು ತಂದುಕೊಡಲಿಲ್ಲ. ಆ ಒಂದು ಬೆಳಗಿಗಾಗಿ ನಾನು ಒಂದು ಕಿಲೋ ಹೆಚ್ಚಿನ ಭಾರವನ್ನು ವರ್ಷವಿಡೀ ಹೊರಬಲ್ಲೆ ಎಂದು ಅನಿಸಿದ್ದು ಸುಳ್ಳಲ್ಲ.

ಅಲ್ಲಿಂದ ಚೋಡಣ ದ್ವೀಪದ ಸಲೀಂ ಅಲಿ ಪಕ್ಷಿಧಾಮಕ್ಕೆ ಹೋದೆವು. ರಿಬಂದರ್‌ನಿಂದ ಮಾಂಡೋವಿಯನ್ನು ಫೆರ್ರಿಯಲ್ಲಿ ದಾಟಿ, ಕಾಂಡ್ಲಾ ಬೇರುಗಳ ನಡುವಿನ ಕಾಲುದಾರಿಯಲ್ಲಿ ನಡೆಯುವಾಗ ಗೆಳೆಯನ ಲೆನ್ಸ್ ಮತ್ತೆ ಮುಂದಾಯಿತು. ಅದು ತನ್ನ ಪೂರ್ಣ ಉದ್ದದಲ್ಲಿಯೂ 1.3 ಮೀಟರ್ ಹತ್ತಿರದವರೆಗೆ ಫೋಕಸ್ ಆಗುತ್ತದೆ. ಕೆಸರಿನಲ್ಲಿ ಒಂದೇ ದೊಡ್ಡ ಕೊಂಡಿಯನ್ನು ಎತ್ತಿ ಬೀಸುವ ಹೆಬ್ಬೆರಳಿನಗಲದ ಏಡಿಯನ್ನು ಅದು ಚೌಕಟ್ಟಿನ ತುಂಬ ಹಿಡಿಯಿತು. ನನ್ನ ಲೆನ್ಸ್ 600ರಲ್ಲಿ ಅಷ್ಟು ಹತ್ತಿರ ಬರಲಾರದು.

ನಗರದ ವಿಚಾರದಲ್ಲಿ ನಾನು ಹೆಚ್ಚು ಹೇಳಬೇಕಾದದ್ದಿಲ್ಲ, ಏಕೆಂದರೆ ಇಲ್ಲಿ ತೀರ್ಪು ಬೇಗ ಆಯಿತು. ಎಫ್. ಡಬ್ಲ್ಯೂ. ಸ್ಟೀವನ್ಸ್ ವಿನ್ಯಾಸ ಮಾಡಿದ, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸನ್ನು ಮುಸ್ಸಂಜೆಯಲ್ಲಿ ಎದುರಿನ ಪಾದಚಾರಿ ಮಾರ್ಗದಿಂದ ತೆಗೆದೆವು. ಆ ಜನಸಂದಣಿಯಲ್ಲಿ ಟ್ರೈಪಾಡ್ ಊರಿದರೆ ಮನೆಗೆ ಓಡುವವರ ಕಾಲಿಗೆ ಅಡ್ಡಿಯಾಗುತ್ತದೆ, ಅದು ಸರಿಯಲ್ಲ. ಓಎಂ-1ರ ಅಲುಗಾಟ ನಿಯಂತ್ರಣ ಎಷ್ಟು ಬಲವಾಗಿದೆಯೆಂದರೆ, ಅಗಲದ ಲೆನ್ಸ್ ಹಾಕಿ, ದೀಪದ ಕಂಬಕ್ಕೆ ಹೆಗಲು ಆನಿಸಿ ಒಂದು ಸೆಕೆಂಡ್ ಕೈಯಲ್ಲೇ ಹಿಡಿದರೂ ಕಟ್ಟಡದ ಕಲ್ಲಿನ ಕೆತ್ತನೆ ನಿಂತು, ಕೆಂಪು ಬಸ್ಸುಗಳು ಮಾತ್ರ ಗೆರೆಗಳಾಗುತ್ತವೆ. ನಿಕಾನ್‌ನಲ್ಲಿ ನನಗೆ ಕಾಲು ಸೆಕೆಂಡಿನ ಆಚೆ ಧೈರ್ಯ ಸಾಲದು. ಆದರೆ ಗುಮ್ಮಟಕ್ಕೆ ಬೀಳುವ ಬಣ್ಣದ ದೀಪ ಮತ್ತು ಕಮಾನುಗಳೊಳಗಿನ ಕತ್ತಲೆ, ಎರಡನ್ನೂ ಒಂದೇ ಚಿತ್ರದಲ್ಲಿ ಉಳಿಸಿಕೊಳ್ಳುವುದರಲ್ಲಿ ನಿಕಾನ್ ಮುಂದಿತ್ತು. ನಗರಕ್ಕೆ ನಾನು ಓಎಂ-1ನ್ನೇ ಒಯ್ಯುತ್ತೇನೆ.

ಕಡಲಿನ ಬಳಿ ಎರಡಕ್ಕೂ ಶತ್ರು ಒಂದೇ, ತೇವ. ಬೆನಾವಲಿಮ್‌ನಲ್ಲಿ ಮುಂಜಾನೆ ರಂಪಣಿ ಬಲೆ ಎಳೆಯುವುದನ್ನು ತೆಗೆಯಬೇಕೆಂದು ಹೋಗಿದ್ದೆವು. ರಾತ್ರಿಯಿಡೀ ಹವಾನಿಯಂತ್ರಿತ ಕೋಣೆಯಲ್ಲಿದ್ದ ಲೆನ್ಸನ್ನು ನೇರವಾಗಿ ದಡಕ್ಕೆ ತಂದು ಚೀಲ ತೆರೆದೆ. ಮುಂದಿನ ಗಾಜು ಕ್ಷಣದಲ್ಲಿ ಬೆಳ್ಳಗಾಯಿತು. ತಣ್ಣಗಿನ ಗಾಜಿಗೆ ತೇವದ ಗಾಳಿ ತಗುಲಿದರೆ ಆಗುವುದೇ ಅದು. ಗೆಳೆಯನ ಸಣ್ಣ ಲೆನ್ಸ್ ಸುಮಾರು ಕಾಲು ಗಂಟೆಯಲ್ಲಿ ತಿಳಿಯಾಯಿತು. ನನ್ನ ದಪ್ಪ ಗಾಜಿಗೆ ಅದರ ಎರಡು ಪಟ್ಟು ಹೊತ್ತು ಬೇಕಾಯಿತು. ಅಷ್ಟರಲ್ಲಿ ಬಲೆ ದಡಕ್ಕೆ ಬಂದು, ಬೆಳ್ಳಿಯಂತೆ ಚಿಮ್ಮುವ ಮೀನು ಬುಟ್ಟಿ ಸೇರಿತ್ತು. ಈಗ ಕಡಲೂರಿಗೆ ಹೋದರೆ ಚೀಲವನ್ನು ಮುಚ್ಚಿದಂತೆಯೇ ಹಿಂದಿನ ರಾತ್ರಿ ಹವಾನಿಯಂತ್ರಣವಿಲ್ಲದ ಕಡೆ ಇಡುತ್ತೇನೆ. ಇನ್ನೊಂದು ವಿಷಯದಲ್ಲಿ ನಿಕಾನ್ ಲೆನ್ಸ್‌ನ ರಚನೆ ಉತ್ತಮ: ಝೂಮ್ ಮಾಡಿದಾಗ ಅದು ಉದ್ದವಾಗುವುದಿಲ್ಲ. ಓಎಂ ಲೆನ್ಸ್‌ನ ಕೊಳವೆ ಹೊರಚಾಚುತ್ತದೆ, ಅದರ ಮೇಲೆ ಮರಳೋ ಉಪ್ಪುಹನಿಯೋ ಕೂತಿದ್ದರೆ ಒರೆಸದೆ ಮಡಚಬಾರದು.

ಜೂನ್ ತಿಂಗಳ ದೊಡ್ಡ ಉಬ್ಬರದಂದು ಮರೀನ್ ಡ್ರೈವ್‌ನಲ್ಲಿ ಅಲೆ ತಡೆಗೋಡೆಯನ್ನು ದಾಟಿ ರಸ್ತೆಗೆ ಬೀಳುವಾಗ ನಾನು ಹೊರತೆಗೆದದ್ದು 12-40 ಹಾಕಿದ ಓಎಂ-1. ಕ್ಯಾಮೆರಾ, ಲೆನ್ಸ್ ಎರಡಕ್ಕೂ ಧೂಳು, ನೀರಿನ ಹನಿಗಳಿಂದ ಐಪಿ53 ದರ್ಜೆಯ ರಕ್ಷಣೆಯಿದೆ. ಬೆಳಕು ತಗ್ಗಿಸುವ ಗಾಜಿನ ಫಿಲ್ಟರ್ ಹಾಕದೆಯೇ ಎನ್‌ಡಿ64ರವರೆಗಿನ ಪರಿಣಾಮವನ್ನು ಕ್ಯಾಮೆರಾದೊಳಗೇ ಪಡೆಯಬಹುದಾದ್ದರಿಂದ ಆ ಹನಿಗಳ ಮಧ್ಯೆ ಗಾಜು ತಿರುಗಿಸುವ ಕಷ್ಟವೂ ಇಲ್ಲ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಎರಡು ಸಲ ಒರೆಸಿ, ತೇವಾಂಶ ಶೇಕಡಾ 45ರಲ್ಲಿರುವ ಡ್ರೈ ಕ್ಯಾಬಿನೆಟ್‌ಗೆ ಸೇರಿಸುತ್ತೇನೆ; ಮುಂಬಯಿಯ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಗಾಜಿಗೆ ಬೂಷ್ಟು ಹಿಡಿಯಲು ಬಹಳ ದಿನ ಬೇಕಾಗಿಲ್ಲ.

ಇವೆರಡೂ ಬೇಡ, ಒಂದೇ ಸಾಕು ಎನ್ನುವವರಿಗೆ ತಮ್ಮನ ಬಳಿಯಿರುವ ಸೋನಿ ಆರ್‌ಎಕ್ಸ್10 ನಾಲ್ಕನೆಯ ಆವೃತ್ತಿಯನ್ನು ಎರಡು ಪ್ರವಾಸಗಳಲ್ಲಿ ಬಳಸಿ ನೋಡಿದೆ. 1095 ಗ್ರಾಂ, ಫುಲ್‌ಫ್ರೇಮ್ ಲೆಕ್ಕದಲ್ಲಿ 24ರಿಂದ 600ರವರೆಗೆ ಒಂದೇ ಲೆನ್ಸ್, ತುದಿಯಲ್ಲಿಯೂ ಎಫ್/4. ಬಿಸಿಲಿನಲ್ಲಿ ಅದರ ಚಿತ್ರಗಳು ತೃಪ್ತಿಕರವಾಗಿದ್ದವು, ಮೊಲೆಮ್‌ನ ನೆರಳಿಗೆ ಅದನ್ನು ನಾನು ಒಯ್ಯಲಾರೆ.

ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ 12×18 ಅಂಗುಲದ ಹದಿನಾರು ಚಿತ್ರಗಳನ್ನು ಕ್ಯಾಮೆರಾದ ಹೆಸರಿಲ್ಲದೆ ತೂಗುಹಾಕಿದ್ದೆವು. ನೋಡಿದವರಲ್ಲಿ ಹೆಚ್ಚಿನವರು ಟ್ರೋಗನ್ ಮುಂದೆ ನಿಂತರು. ಉಳಿದ ಹದಿನೈದರಲ್ಲಿ ಯಾವುದು ಯಾವ ಚೀಲದ್ದೆಂದು ಅನುಭವಿ ಛಾಯಾಗ್ರಾಹಕರೂ ಹೇಳಲಾಗಲಿಲ್ಲ. ಅದಾದ ಮೇಲೆ ನಾನು 24-120ನ್ನು ಮಾರಿ, ಗೆಳೆಯನ ಬಳಿಯಿರುವಂಥದೇ ಓಎಂ-1 ಮತ್ತು 12-40ನ್ನು ಕೊಂಡೆ. 180-600 ನನ್ನಲ್ಲೇ ಉಳಿಯಿತು. ಅದು ಈಗ ಕ್ಯಾಬಿನೆಟ್‌ನ ಕೆಳಗಿನ ಅಂತಸ್ತಿನಲ್ಲಿದೆ. ಡಿಸೆಂಬರ್‌ನಲ್ಲಿ ಮೊಲೆಮ್‌ಗೆ ಹೊರಡುವ ದಿನ ಹೊರಗೆ ಬರುತ್ತದೆ.