ಟೆಲಿ ಮಾನಸ್ 14416: ಆಂಬುಲೆನ್ಸ್ ಸಿಬ್ಬಂದಿಯೊಬ್ಬನ ಅನುಭವ

ಮಂಡ್ಯದ ಸುತ್ತಮುತ್ತ ಹೆದ್ದಾರಿಯ ಅಪಘಾತಗಳಿಗೂ, ವಿಶ್ವೇಶ್ವರಯ್ಯ ನಾಲೆಗೆ ವಾಹನ ಉರುಳಿದ ಸ್ಥಳಗಳಿಗೂ ಆಂಬುಲೆನ್ಸ್‌ನಲ್ಲಿ ಧಾವಿಸುವ ನನಗೆ ಒತ್ತಡವು ಮೊದಲು ಕಾಣಿಸಿಕೊಂಡದ್ದು ಕೆಲಸದಲ್ಲಲ್ಲ, ಮನೆಯಲ್ಲಿ. ಕುಕ್ಕರ್ ಕೂಗಿದರೆ ಬೆಚ್ಚಿಬೀಳುತ್ತಿದ್ದೆ. ಊಟಕ್ಕೆ ಕುಳಿತರೆ, ನಾಲೆಯಿಂದ ಮೇಲೆತ್ತಿದ ಮಗುವಿನ ಒದ್ದೆ ಚಪ್ಪಲಿ ಕಣ್ಣಿಗೆ ಕಟ್ಟಿ ತುತ್ತು ಇಳಿಯುತ್ತಿರಲಿಲ್ಲ. ಅಭ್ಯಾಸವಾಗುತ್ತದೆ ಎಂದರು ಹಿರಿಯರು. ಆಗಲಿಲ್ಲ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ (14416) ಒಂದು ದಿನ ರಾತ್ರಿ ಪಾಳಿ ಮುಗಿಸಿ ಕರೆ ಮಾಡಿದೆ. ಕನ್ನಡದಲ್ಲೇ ಮಾತನಾಡಿದ ಆಪ್ತಸಮಾಲೋಚಕಿ ಆತುರಪಡದೆ ಕೇಳಿಸಿಕೊಂಡು, ನಿದ್ರೆ ಎಷ್ಟು ದಿನದಿಂದ ಕೆಟ್ಟಿದೆ, ಸಿಡುಕು ಹೆಚ್ಚಿದೆಯೇ, ಕುಡಿತದ ಮೊರೆ ಹೋಗಿದ್ದೀರಾ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ವಿಚಾರಿಸಿದರು. ಇಂಥ ಘಟನೆಗಳ ನಂತರ ಕೆಲದಿನ ಹೀಗಾಗುವುದು ಸಹಜವೆಂದೂ, ತಿಂಗಳು ದಾಟಿದರೂ ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಕಾಣಲೇಬೇಕೆಂದೂ ತಿಳಿಸಿದರು. ಉಸಿರನ್ನು ನಿಧಾನವಾಗಿ ಹೊರಬಿಡುವುದನ್ನು ಫೋನಿನಲ್ಲೇ ಮಾಡಿಸಿದರು. ನನಗೆ ಹೆಚ್ಚು ನೆರವಾದದ್ದು ಅವರ ಇನ್ನೊಂದು ಸಲಹೆ: ಕಷ್ಟದ ಕರೆ ಮುಗಿದ ಮೇಲೆ, ಗಾಡಿ ತೊಳೆಯುವ ಮೊದಲೇ, ಜೊತೆಗಾರನೊಡನೆ ಹತ್ತು ನಿಮಿಷ ಕುಳಿತು ಮಾತನಾಡುವುದು.

ಫೋನಿನ ಮಾತು ಮುಖಾಮುಖಿ ಚಿಕಿತ್ಸೆಗೆ ಸಮವಲ್ಲ. ಆದರೂ ಉಚಿತವಾಗಿ, ದಿನದ 24 ಗಂಟೆಯೂ ಸಿಗುವ ಈ ಸೇವೆಯ ಬಗ್ಗೆ ಅಗ್ನಿಶಾಮಕ ದಳದ ಗೆಳೆಯರಿಗೂ ಹೇಳುತ್ತಿದ್ದೇನೆ.