ಫ್ಲೈಟ್ ಸಿಮ್ಯುಲೇಟರ್‌ಗಾಗಿ ಪ್ರೊಸೆಸರ್ ಬದಲಿಸಿದೆ: ರೈಜನ್ 7 5800ಎಕ್ಸ್3ಡಿ, ಎರಡು ವರ್ಷ ಬಳಸಿದ ಮೇಲೆ

ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಆಟ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರ ಆಗಸ್ಟ್‌ನಲ್ಲಿ ಬಂತು. ಬಂದ ವಾರದಿಂದಲೇ ಹಾರಿಸುತ್ತಿದ್ದೇನೆ. ಆಗ ನನ್ನ ಹತ್ತಿರ ಇದ್ದದ್ದು ಎಎಂಡಿ ಕಂಪನಿಯ ರೈಜನ್ 5 3600 ಪ್ರೊಸೆಸರ್, 16 ಜಿಬಿ ರ‍್ಯಾಮ್, 6 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್. ಚಿಕ್ಕ ಸೆಸ್ನಾ ತೆಗೆದುಕೊಂಡು ಬೆಟ್ಟ, ಕಾಡು, ನದಿ ಅಂತ ಸುತ್ತಿದರೆ ಯಾವ ತೊಂದರೆಯೂ ಇರಲಿಲ್ಲ. ಕಷ್ಟ ಶುರುವಾಗಿದ್ದು ದೊಡ್ಡ ಪ್ರಯಾಣಿಕ ವಿಮಾನವಾದ ಎ320 ಹಾರಿಸಲು ಕಲಿತ ಮೇಲೆ, ಅದರಲ್ಲೂ ಲಂಡನ್ನಿನ ಹೀಥ್ರೂ, ನ್ಯೂಯಾರ್ಕಿನ ಜೆಎಫ್‌ಕೆ ತರಹದ ದೊಡ್ಡ ವಿಮಾನ ನಿಲ್ದಾಣಗಳಲ್ಲಿ.

ಆ ಕಷ್ಟ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಪರದೆಯಲ್ಲಿ ಬರುವ ಚಿತ್ರ, ಅಂದರೆ ಫ್ರೇಮ್‌ಗಳ ಸಂಖ್ಯೆ) ನೋಡಿದರೆ ಅದು ಕಾಣುವುದಿಲ್ಲ. ವಿಮಾನ ರನ್‌ವೇ ಹತ್ತಿರ ಬಂದಾಗ ಕಾಕ್‌ಪಿಟ್‌ನಲ್ಲಿ ಎತ್ತರ ಕೂಗುತ್ತದೆ: ಫಿಫ್ಟಿ, ಫಾರ್ಟಿ, ಥರ್ಟಿ. ಆ ಥರ್ಟಿ ಹೊತ್ತಿಗೆ ಮೂತಿಯನ್ನು ಮೆಲ್ಲಗೆ ಎತ್ತಬೇಕು. ನಿಮಿಷಕ್ಕೆ 700 ಅಡಿ ಇಳಿಯುತ್ತಿದ್ದರೆ ಸೆಕೆಂಡಿಗೆ ಹತ್ತಿರ ಹತ್ತಿರ 12 ಅಡಿ. ಸರಿಯಾಗಿ ಅಲ್ಲೇ ಪರದೆ ಅರ್ಧ ಸೆಕೆಂಡ್ ನಿಂತಿತು ಅಂದುಕೊಳ್ಳಿ, 6 ಅಡಿ ಕೈಬಿಟ್ಟು ಹೋಯಿತು. ನಾನು ಸ್ಟಿಕ್ ಎಳೆದಿದ್ದೇನೆ, ಪರದೆಯಲ್ಲಿ ಏನೂ ಆಗಿಲ್ಲ. ಇನ್ನೂ ಸ್ವಲ್ಪ ಎಳೆಯುತ್ತೇನೆ. ಆಗ ಎರಡೂ ಒಟ್ಟಿಗೆ ಬಂದು ಮೂತಿ ಮೇಲೇಳುತ್ತದೆ. ಒಂದೂವರೆ ಗಂಟೆ ಜೋಪಾನವಾಗಿ ಹಾರಿಸಿ ಕೊನೆಗೆ ಹೀಗಾದರೆ ಬೇಜಾರಾಗುತ್ತದೆ, ಅಲ್ವಾ?

ಎಲ್ಲರೂ ಮಾಡುವಂತೆ ನಾನೂ ಮೊದಲು ಗ್ರಾಫಿಕ್ಸ್ ಕಾರ್ಡ್ ಬದಲಿಸಿದೆ. 8 ಜಿಬಿಯ ಕಾರ್ಡ್ ಹಾಕಿದೆ. ಮೋಡಗಳು ಚೆನ್ನಾದವು, ನೆರಳುಗಳು ಚೆನ್ನಾದವು, ಹೆಚ್ಚು ಸ್ಪಷ್ಟವಾದ 1440ಪಿ ಪರದೆ ತೆಗೆದುಕೊಳ್ಳುವ ಧೈರ್ಯ ಬಂತು. ಆದರೆ ಜೆಎಫ್‌ಕೆಯಲ್ಲಿ ಗೇಟ್ ಹತ್ತಿರ ನಿಂತಾಗ 26 ಇದ್ದ ಎಫ್‌ಪಿಎಸ್ 28 ಆಯಿತು, ಅಷ್ಟೇ. ತಡವರಿಕೆ ಹಾಗೇ ಇತ್ತು.

ಕಾರಣ ಹುಡುಕಿಕೊಟ್ಟದ್ದು ಸಿಮ್ಯುಲೇಟರ್ ಒಳಗೇ ಇರುವ ಡೆವಲಪರ್ ಮೋಡ್. ಅದನ್ನು ಆನ್ ಮಾಡಿ ಎಫ್‌ಪಿಎಸ್ ತೋರಿಸು ಅಂತ ಆರಿಸಿದರೆ ಮೂಲೆಯಲ್ಲಿ ಒಂದು ಪೆಟ್ಟಿಗೆ ಬರುತ್ತದೆ. ನನ್ನದರಲ್ಲಿ ಕೆಂಪಕ್ಷರದಲ್ಲಿ ಇದ್ದದ್ದು ‘ಲಿಮಿಟೆಡ್ ಬೈ ಮೇನ್‌ಥ್ರೆಡ್’. ಅಂದರೆ ಕಾರ್ಡ್ ತನ್ನ ಕೆಲಸ ಮುಗಿಸಿ ಸುಮ್ನೆ ಕಾಯುತ್ತಿದೆ, ಪ್ರೊಸೆಸರ್ ಇನ್ನೂ ಲೆಕ್ಕ ಮುಗಿಸಿಲ್ಲ. ಇದನ್ನು ಖಚಿತ ಮಾಡಿಕೊಳ್ಳಲು ಸುಲಭದ ಪರೀಕ್ಷೆ ಇದೆ. ರೆಸಲ್ಯೂಶನ್ ಅರ್ಧಕ್ಕೆ ಇಳಿಸಿ ನೋಡಿ. ಎಫ್‌ಪಿಎಸ್ ಏರದಿದ್ದರೆ ಹೊಸ ಕಾರ್ಡ್‌ಗೆ ದುಡ್ಡು ಹಾಕಬೇಡಿ.

ಇಲ್ಲಿ ಬಹಳ ಜನ ಮೋಸ ಹೋಗುವ ಜಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್. ಅದರಲ್ಲಿ ಪ್ರೊಸೆಸರ್ ಬಳಕೆ 35 ಶೇಕಡಾ ಅಂತ ಇರುತ್ತದೆ. ಇನ್ನೂ ಬೇಕಾದಷ್ಟು ಬಾಕಿ ಇದೆಯಲ್ಲ ಅನ್ನಿಸುತ್ತದೆ. ಆದರೆ 3600ರಲ್ಲಿ 12 ಥ್ರೆಡ್‌ಗಳಿವೆ, ಅಂದರೆ ಒಟ್ಟಿಗೆ ಓಡುವ 12 ಕೆಲಸದ ಸಾಲುಗಳು. ಒಂದು ಥ್ರೆಡ್ ಪೂರ್ತಿ ಏದುಸಿರು ಬಿಡುತ್ತಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಬರೀ 8 ಶೇಕಡಾ. ಈ ಸಿಮ್ಯುಲೇಟರ್‌ನ ಮುಖ್ಯ ಭಾರ ಬೀಳುವುದು ಆ ಒಂದೇ ಥ್ರೆಡ್ ಮೇಲೆ.

5800ಎಕ್ಸ್3ಡಿ ಆರಿಸಿದ್ದು ಅದಕ್ಕೇ. 2022ರ ಏಪ್ರಿಲ್‌ನಲ್ಲಿ ಬಂದ ಪ್ರೊಸೆಸರ್ ಇದು. 8 ಕೋರ್, ವೇಗ 4.5 ಗಿಗಾಹರ್ಟ್ಸ್‌ವರೆಗೆ. ಆ ಅಂಕಿಗಳಲ್ಲಿ ವಿಶೇಷವೇನೂ ಇಲ್ಲ. ವಿಶೇಷ ಇರುವುದು ಕ್ಯಾಶ್‌ನಲ್ಲಿ, ಅಂದರೆ ಪ್ರೊಸೆಸರ್ ಒಳಗೇ ಇರುವ ಚುರುಕಾದ ಮೆಮೊರಿಯಲ್ಲಿ. ಮಾಮೂಲಿ 32 ಎಂಬಿಯ ಎಲ್3 ಕ್ಯಾಶ್ ಮೇಲೆ ಇನ್ನೂ 64 ಎಂಬಿಯನ್ನು ಮಹಡಿ ಕಟ್ಟಿದ ಹಾಗೆ ಕೂರಿಸಿದ್ದಾರೆ. ಒಟ್ಟು 96 ಎಂಬಿ. ಬೇಕಾದ ವಸ್ತು ಮೇಜಿನ ಮೇಲೇ ಇದ್ದರೆ ಕೆಲಸ ಬೇಗ ಸಾಗುತ್ತದೆ. ಪ್ರತಿ ಸಲ ಅಟ್ಟ ಹತ್ತಿ ತರಬೇಕಾದರೆ ಎಷ್ಟು ಚುರುಕಿನ ಆಳಾದರೂ ನಿಧಾನವೇ. ಇಲ್ಲಿ ಕ್ಯಾಶ್ ಮೇಜು, ರ‍್ಯಾಮ್ ಅಟ್ಟ. ನೆಲ, ಕಟ್ಟಡ, ಗಾಳಿ, ಬೇರೆ ವಿಮಾನಗಳು, ಕಾಕ್‌ಪಿಟ್‌ನ ಉಪಕರಣಗಳು ಎಲ್ಲದರ ಮಾಹಿತಿಯನ್ನೂ ಸಿಮ್ಯುಲೇಟರ್ ಪ್ರತಿ ಫ್ರೇಮ್‌ಗೂ ಕೆದಕುತ್ತಲೇ ಇರುತ್ತದೆ. ಹಾಗಾಗಿ ಈ ಮೇಜು ದೊಡ್ಡದಾದಷ್ಟೂ ಲಾಭ.

ಇನ್ನೊಂದು ಸಂತೋಷದ ವಿಷಯ, ನನ್ನ ಹಳೆಯ, ಎಎಂ4 ಸಾಕೆಟ್ ಇರುವ ಮದರ್‌ಬೋರ್ಡ್‌ನಲ್ಲೇ ಇದು ಕೂರುತ್ತದೆ. ಆದರೆ ಹಳೆ ಪ್ರೊಸೆಸರ್ ತೆಗೆಯುವ ಮೊದಲೇ ಬಯಾಸ್ (ಬೋರ್ಡ್‌ನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಹೊಸದನ್ನು ಬೋರ್ಡ್ ಗುರುತೇ ಹಿಡಿಯದಿರಬಹುದು. ಬದಲಿಸುವ ದಿನ ಹತ್ತು ನಿಮಿಷ ಒಂದು ಆಟ ಓಡಿಸಿ ಪ್ರೊಸೆಸರ್ ಬಿಸಿ ಮಾಡಿ, ಆಮೇಲೆ ಆಫ್ ಮಾಡಿ ಪ್ಲಗ್ ಕಿತ್ತೆ. ಥರ್ಮಲ್ ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಎತ್ತುವಾಗ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತುಕೊಂಡು ಬರುತ್ತದೆ, ಎಎಂ4ರಲ್ಲಿ ಪಿನ್‌ಗಳಿರುವುದು ಪ್ರೊಸೆಸರ್ ಅಡಿಯಲ್ಲೇ. ಕೂಲರನ್ನು ನೇರ ಮೇಲಕ್ಕೆ ಎಳೆಯದೆ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಅಂಟು ಬಿಡುವ ಸಣ್ಣ ಸದ್ದು ಬಂತು. ಎತ್ತಿ ನೋಡಿದರೆ ಪ್ರೊಸೆಸರ್ ತನ್ನ ಜಾಗದಲ್ಲೇ ಕೂತಿತ್ತು.

ಮೊದಲ ದಿನ ಅದೇ ಜೆಎಫ್‌ಕೆ, ಅದೇ ಗೇಟ್, ಅದೇ ಸೆಟ್ಟಿಂಗ್. 28 ಇದ್ದದ್ದು 41. ಅಂಕಿಗಿಂತ ಮುಖ್ಯ ಅಂದರೆ, ತಲೆ ತಿರುಗಿಸಿ ರೆಕ್ಕೆ ಕಡೆ ನೋಡಿದಾಗ ಆಗುತ್ತಿದ್ದ ಜರ್ಕ್ ಹೋಗಿತ್ತು. ಥರ್ಟಿ ಅಂತ ಕೂಗಿದಾಗ ಸ್ಟಿಕ್ ಎಳೆದರೆ ಮೂತಿ ಅದೇ ಕ್ಷಣ ಏಳುತ್ತಿತ್ತು. ಆ ರಾತ್ರಿ ಸುಮ್ನೆ ಇಳಿಯುವುದನ್ನೇ ಏಳೆಂಟು ಸಲ ಮಾಡಿದೆ.

ಒಂದು ವಾರದ ಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಬಯಾಸ್ ಅಪ್‌ಡೇಟ್ ಮಾಡಿದಾಗ ಹಳೆ ಸೆಟ್ಟಿಂಗ್‌ಗಳು ಅಳಿಸಿಹೋಗಿ ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆಫ್ ಆಗಿತ್ತು. 3200ರಲ್ಲಿ ಓಡಬೇಕಾದ ರ‍್ಯಾಮ್ 2133ರಲ್ಲಿ ಓಡುತ್ತಿತ್ತು. ಆನ್ ಮಾಡಿದ ಮೇಲೆ ಎಫ್‌ಪಿಎಸ್ ಇನ್ನೂ ಎರಡು ಮೂರು ಏರಿತು. ನೀವೂ ತಪ್ಪದೆ ನೋಡಿ. ಆಮೇಲೆ ರ‍್ಯಾಮ್ 32 ಜಿಬಿ ಮಾಡಿದೆ. ಇದರಿಂದ ಎಫ್‌ಪಿಎಸ್ ಏರಲಿಲ್ಲ. ಆದರೆ ಹಿನ್ನೆಲೆಯಲ್ಲಿ ಮ್ಯಾಪ್, ಬ್ರೌಸರ್ ತೆರೆದಿಟ್ಟು ದೂರದ ಹಾರಾಟ ಮಾಡುವಾಗ ಮೂರನೇ ಗಂಟೆಯಲ್ಲಿ ಬರುತ್ತಿದ್ದ ತಡವರಿಕೆ ನಿಂತಿತು.

ಶಾಖದ ಬಗ್ಗೆ ಹೇಳಲೇಬೇಕು. ಈ ಪ್ರೊಸೆಸರ್ ಜೊತೆ ಕೂಲರ್ ಬರುವುದಿಲ್ಲ. ಹಳೆಯ ಚಿಕ್ಕ ಕೂಲರ್ ಸಾಕು ಅಂದುಕೊಂಡದ್ದು ನನ್ನ ತಪ್ಪು. ಹಾರಾಟ ಲೋಡ್ ಆಗುವಾಗ ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುತ್ತವೆ, ಆಗ ಉಷ್ಣತೆ 90 ಡಿಗ್ರಿ ಮುಟ್ಟುತ್ತಿತ್ತು. ಇದರ ಮಿತಿಯೇ 90. 120 ಎಂಎಂ ಫ್ಯಾನ್ ಇರುವ ಟವರ್ ಕೂಲರ್ ಹಾಕಿದ ಮೇಲೆ ಲೋಡಿಂಗ್‌ನಲ್ಲಿ 80ರ ಆಸುಪಾಸು, ಹಾರುವಾಗ 65ರಿಂದ 70. ಎರಡು ವರ್ಷದಲ್ಲಿ ಒಂದು ಸಲ ಧೂಳು ತೆಗೆದು ಪೇಸ್ಟ್ ಬದಲಿಸಿದ್ದು ಬಿಟ್ಟರೆ ಇದನ್ನು ಮುಟ್ಟಿಲ್ಲ.

ಪ್ರೊಸೆಸರ್ ಬದಲಿಸಿದರೆ ಎಲ್ಲ ತಡವರಿಕೆಯೂ ಹೋಗುತ್ತದೆ ಅಂತ ಅಲ್ಲ. ನೆಲದ ಚಿತ್ರಗಳು ಬರುವುದು ಇಂಟರ್ನೆಟ್‌ನಿಂದ. ನೆಟ್ ನಿಧಾನ ಇದ್ದ ದಿನ ಕಟ್ಟಡಗಳು ಮೇಣ ಕರಗಿದ ಹಾಗೆ ಕಾಣುತ್ತವೆ, ಅದಕ್ಕೆ ಯಾವ ಪ್ರೊಸೆಸರ್ರೂ ಏನೂ ಮಾಡಲಾರದು. ಹೀಗೆ ಬಂದ ಚಿತ್ರಗಳನ್ನು ಡಿಸ್ಕ್‌ನಲ್ಲಿ ಉಳಿಸಿಡುವ ರೋಲಿಂಗ್ ಕ್ಯಾಶನ್ನು ಎಸ್‌ಎಸ್‌ಡಿಯಲ್ಲಿ ಇಟ್ಟರೆ ಪದೇ ಪದೇ ಹೋಗುವ ಜಾಗಗಳಿಗೆ ಸ್ವಲ್ಪ ಅನುಕೂಲ. ಸೆಟ್ಟಿಂಗ್‌ಗಳಲ್ಲಿ ಪ್ರೊಸೆಸರ್‌ಗೆ ಜಾಸ್ತಿ ಭಾರ ಹಾಕುವುದು ಟೆರೇನ್ ಲೆವೆಲ್ ಆಫ್ ಡೀಟೇಲ್ (ನೆಲವನ್ನು ಎಷ್ಟು ವಿವರವಾಗಿ ತೋರಿಸಬೇಕು ಅನ್ನುವುದು) ಮತ್ತು ನಿಲ್ದಾಣದ ಟ್ರಾಫಿಕ್. ನಾನು ಹಳ್ಳಿಗಾಡಿನ ಮೇಲೆ ಹಾರುವಾಗ ಮೊದಲನೆಯದನ್ನು 200ಕ್ಕೆ ಇಡುತ್ತೇನೆ, ಹೀಥ್ರೂ ಕಡೆ ಹೊರಟರೆ 100ಕ್ಕೆ ಇಳಿಸುತ್ತೇನೆ.

2024ರ ನವೆಂಬರ್‌ನಲ್ಲಿ ಹೊಸ ಸಿಮ್ಯುಲೇಟರ್, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024, ಬಂತು. ಅದು ಕೆಲಸವನ್ನು ಹೆಚ್ಚು ಕೋರ್‌ಗಳಿಗೆ ಹಂಚುತ್ತದೆ, ಹಾಗಾಗಿ ಈ 8 ಕೋರ್‌ಗಳು ಅಲ್ಲಿ ಇನ್ನೂ ಚೆನ್ನಾಗಿ ದುಡಿಯುತ್ತಿವೆ. ಅದಕ್ಕೆ ಶಿಫಾರಸು ಮಾಡಿರುವ ರ‍್ಯಾಮ್ 32 ಜಿಬಿ, ಅದೂ ನನ್ನಲ್ಲಿದೆ. ಈಗ ಕೊರತೆ ಕಾಣುತ್ತಿರುವುದು ಕಾರ್ಡ್‌ನ 8 ಜಿಬಿ ಮೆಮೊರಿಯಲ್ಲಿ. 1440ಪಿಯಲ್ಲಿ ಟೆಕ್ಸ್ಚರ್ (ಮೇಲ್ಮೈಗಳ ಚಿತ್ರದ ಗುಣಮಟ್ಟ) ಅಲ್ಟ್ರಾಗೆ ಇಟ್ಟರೆ ಅದು ತುಂಬಿಹೋಗುತ್ತದೆ. ತುಂಬಿದ ತಕ್ಷಣ ಮತ್ತೆ ಅದೇ ಜರ್ಕ್. ಟೆಕ್ಸ್ಚರ್ ಹೈಗೆ ಇಳಿಸಿ ನಿಭಾಯಿಸುತ್ತಿದ್ದೇನೆ.

ಯಾರಿಗೆ ಇದು ಸರಿ? ಎಎಂ4 ಬೋರ್ಡ್ ಈಗಾಗಲೇ ಇರುವವರಿಗೆ ಧೈರ್ಯವಾಗಿ ಹೇಳುತ್ತೇನೆ. ಇದು ಸಿಗದಿದ್ದರೆ 2024ರಲ್ಲಿ ಬಂದ 5700ಎಕ್ಸ್3ಡಿ ನೋಡಿ, ವೇಗ ಸ್ವಲ್ಪ ಕಡಿಮೆ, ಕ್ಯಾಶ್ ಅದೇ 96 ಎಂಬಿ. ಹೊಸದಾಗಿ ಎಲ್ಲ ಕೊಳ್ಳುವವರು ಎಎಂ4 ಕಡೆ ಬರಬೇಡಿ. 7800ಎಕ್ಸ್3ಡಿ ಅಥವಾ 9800ಎಕ್ಸ್3ಡಿ ತೆಗೆದುಕೊಳ್ಳಿ, ಅವಕ್ಕೆ ಎಎಂ5 ಬೋರ್ಡ್ ಮತ್ತು ಡಿಡಿಆರ್5 ರ‍್ಯಾಮ್ ಬೇಕು.

ನನ್ನ ಮುಂದಿನ ಖರೀದಿ 12 ಅಥವಾ 16 ಜಿಬಿಯ ಕಾರ್ಡ್. ಪ್ರೊಸೆಸರ್ ಇದೇ ಇರುತ್ತದೆ.