ಯಂತ್ರಕ್ಕೆ ಐದು ಸ್ಟಾರ್, ರಿಪೋರ್ಟಿಗೆ ಎರಡು

ಕಲಬುರಗಿಯ ತೊಗರಿ ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹನ್ನೊಂದು ವರ್ಷ ಆ ಧೂಳು ಕುಡಿದಿದ್ದೇನೆ. ಬಗ್ಗಿದರೆ ಬಲಗೆನ್ನೆ ಸಿಡಿಯುತ್ತಿತ್ತು, ಮೂಗು ಸದಾ ಕಟ್ಟಿರುತ್ತಿತ್ತು. ಮಾತ್ರೆ, ಸ್ಪ್ರೇ ಎಲ್ಲ ಆದ ಮೇಲೆ ಇಎನ್‌ಟಿ ಡಾಕ್ಟರು ಸಿಟಿ ಪಿಎನ್‌ಎಸ್ ಅಂದರೆ ಮೂಗಿನ ಸುತ್ತ ಇರುವ ಸೈನಸ್ ಅನ್ನುವ ಗಾಳಿ ಗೂಡುಗಳ ಸಿಟಿ ಸ್ಕ್ಯಾನ್ ಬರೆದುಕೊಟ್ಟರು. ಊರಿನ ಒಂದು ಸ್ಕ್ಯಾನ್ ಸೆಂಟರ್‌ಗೆ ಹೋದೆ. ಹೆಸರು ಬೇಡ ಬಿಡಿ.

ಎರಡು ತಾಸು ಕಾಯಿಸಿದರು. ಒಳಗೆ ಹೋದರೆ ಟೆಕ್ನಿಷಿಯನ್ ಹುಡುಗ, "ಅಕ್ಕಾರ, ಮೂಗುತಿ ತೆಗೀರಿ, ಪಟದಾಗ ಗೆರಿ ಬೀಳ್ತಾವ" ಅಂದ. ಮದುವೆ ಆದಾಗಿನಿಂದ ತೆಗೆಯದ ತಿರುಪು ಅದು! ಅಲ್ಲಿನ ಆಯಾ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ನನ್ನ ಗದ್ದ ಹಿಡಿದು, "ತಡಿ ಯವ್ವಾ, ತಡಿ" ಅನ್ನುತ್ತಾ ನಿಧಾನಕ್ಕೆ ತಿರುವಿ ತೆಗೆದಳು. ಒಂದು ಹನಿ ರಕ್ತ ಬರಲಿಲ್ಲ. ಆಕೆಗೆ ನನ್ನ ಕಡೆಯಿಂದ ಹತ್ತು ಸ್ಟಾರ್. ಸ್ಕ್ಯಾನ್ ಮಾತ್ರ ಸುಮ್ನೆ ಮಲಗಿದ್ದಷ್ಟೇ. ಇಂಜೆಕ್ಷನ್ ಇಲ್ಲ, ನೋವಿಲ್ಲ, ಮನಸ್ಸಿನಲ್ಲಿ ಇಪ್ಪತ್ತು ಎಣಿಸುವುದರೊಳಗೆ ಮುಗಿಯಿತು.

ಬೇಜಾರು ಶುರುವಾಗಿದ್ದು ಸಂಜೆ. ರಿಪೋರ್ಟಿನಲ್ಲಿ ನಾನು 'ಪುರುಷ'. ಬರೆದಿದ್ದು ನಾಲ್ಕೇ ಸಾಲು: ಬಲ ಮ್ಯಾಕ್ಸಿಲರಿ (ಕೆನ್ನೆಯ) ಸೈನಸ್‌ನ ಒಳಪೊರೆ ದಪ್ಪ, ಸೆಪ್ಟಮ್ (ಮೂಗಿನ ನಡುಗೋಡೆ) ಎಡಕ್ಕೆ ವಾಲಿದೆ, ಉಳಿದದ್ದು ನಾರ್ಮಲ್. ಫಿಲ್ಮಿನಲ್ಲಿ ಇದ್ದಿದ್ದೆಲ್ಲ ಅಡ್ಡ ಕುಯ್ದ ಆಕ್ಸಿಯಲ್ ಪಟಗಳು. ಡಾಕ್ಟರು ನೋಡಿದವರೇ, "ಕೊರೋನಲ್ ಎಲ್ಲಿ?" ಅಂದರು. ಎದುರಿನಿಂದ ಮುಖ ನೋಡಿದಂತೆ ಕಾಣುವ ಪಟ ಅದು. ಆಪರೇಷನ್ ಮಾಡುವವರಿಗೆ ಅದೇ ಮುಖ್ಯವಂತೆ. ಮರುದಿನ ಅರ್ಧ ದಿನ ರಜೆ ಹಾಕಿ ಮತ್ತೆ ಹೋದೆ. ಪುಣ್ಯಕ್ಕೆ ಮತ್ತೆ ಸ್ಕ್ಯಾನ್ ಬೇಕಾಗಲಿಲ್ಲ. ಅದೇ ಸ್ಕ್ಯಾನಿನಿಂದ ಕಂಪ್ಯೂಟರಿನಲ್ಲಿ ಪಟ ಮಾಡಿ ಸಿಡಿ ಕೊಟ್ಟರು, ದುಡ್ಡೂ ಕೇಳಲಿಲ್ಲ.

ಡಾಕ್ಟರು ಪರದೆ ಮೇಲೆ ತೋರಿಸಿದಾಗ ಎಡ ಬಲ ಅದಲು ಬದಲಾಗಿದೆ ಅಂದುಕೊಂಡೆ. ಪಟದ ಎಡಗಡೆ ಅಂದರೆ ನನ್ನ ಬಲಗಡೆಯಂತೆ! ಕೆನ್ನೆಯ ಸೈನಸ್ ಬಾಯಿ ತಳದಲ್ಲಿಲ್ಲ, ಮೇಲಿದೆ, ಕೊಡದ ಹಾಗೆ. ಹಾಗಾಗಿ ನಿಂತರೂ ಕೂತರೂ ಸಿಂಬಳ ತಾನಾಗಿ ಇಳಿಯದು, ಒಳಗಿನ ಸಣ್ಣ ರೋಮಗಳು ಮೇಲಕ್ಕೆ ತಳ್ಳಬೇಕು. ನನಗೆ ಅದೇ ಬಾಯಿಯ ಪಕ್ಕ, ಕಣ್ಣಿನ ಗೂಡಿನ ಕೆಳಗೆ, ಹಾಲರ್ ಸೆಲ್ ಅನ್ನುವ ಜಾಸ್ತಿ ಕೋಣೆಯೊಂದು ಕೂತು ದಾರಿ ಇಕ್ಕಟ್ಟು ಮಾಡಿದೆ. ಬಲಗಡೆಯ ಮಧ್ಯದ ಟರ್ಬಿನೇಟ್ (ಮೂಗಿನೊಳಗೆ ಪಕ್ಕದ ಗೋಡೆಯಿಂದ ಚಾಚಿದ ಎಲುಬು) ಹೆಂಚಿನ ಮೇಲಿನ ಜೋಳದ ರೊಟ್ಟಿ ಹಾಗೆ ಉಬ್ಬಿದೆ, ಒಳಗೆ ಗಾಳಿ. ಅದಕ್ಕೆ ಕಾಂಕಾ ಬುಲ್ಲೋಸಾ ಅಂತ ಹೆಸರು. ಹಣೆಯ ಎಡ ಸೈನಸ್ ಬೆಳೆದೇ ಇಲ್ಲ! ಇವು ರೋಗವಲ್ಲ, ಆರೋಗ್ಯವಂತರಲ್ಲೂ ಇರುತ್ತವೆ ಅಂದರು. ಆಮೇಲೆ ಮೂಗಿನ ಚಾವಣಿ ಅಳೆದರು. ವಾಸನೆಯ ನರ ಕೂರುವ ತಗ್ಗು 3 ಮಿ.ಮೀ. ಒಳಗಿದ್ದರೆ ಕೇರೋಸ್ ಅನ್ನುವ ವಿಂಗಡಣೆಯಲ್ಲಿ ಒಂದು, 4ರಿಂದ 7 ಆದರೆ ಎರಡು, 8 ಅಥವಾ ಅದಕ್ಕಿಂತ ಹೆಚ್ಚಾದರೆ ಮೂರು. ತಗ್ಗು ಆಳವಾದಷ್ಟೂ ಅದರ ಪಕ್ಕದ ತೆಳು ಎಲುಬಿಗೆ ಉಪಕರಣ ತಾಗುವ ಭಯ ಜಾಸ್ತಿ, ಆಚೆ ಮಿದುಳು. ನನ್ನದು 5.

ಇಷ್ಟೆಲ್ಲ ಆ 'ನಾರ್ಮಲ್' ಅನ್ನುವ ಒಂದೇ ಪದದೊಳಗೆ ಇತ್ತು ನೋಡಿ. ನೀವು ಹೋದರೆ ಕೊರೋನಲ್ ಪಟ, ಸಿಡಿ ಎರಡೂ ಕೈಗೆ ಬಂದ ಮೇಲೇ ಕೌಂಟರ್ ಬಿಡಿ. ಯಂತ್ರ ಚೆನ್ನಾಗಿದೆ, ಪಟ ಅಚ್ಚುಕಟ್ಟು.

ಮೊನ್ನೆ ತಿದ್ದಿದ ರಿಪೋರ್ಟ್ ವಾಟ್ಸಾಪಿಗೆ ಬಂತು. ಈಗ ಮಹಿಳೆ ಆಗಿದ್ದೇನೆ. ಹಾಲರ್ ಸೆಲ್ ಮಾತ್ರ ಇನ್ನೂ ಅದರಲ್ಲಿಲ್ಲ.